ಪಟ್ಟಿಯಲ್ಲಿ ಇಲ್ಲದ ಸಾಲ

ಜನವರಿ 9

ಗಿಡ್ಡನಿಗೆ ಅಕ್ಕನ ಆಶೀರ್ವಾದ. ಆರಡಿ ಬೆಳೆದು ಹಡಗಿನ ಅಡುಗೆಮನೆಯ ಸೂರಿಗೆ ತಲೆ ತಗುಲಿಸಿಕೊಳ್ಳುವವನಾದರೂ ನನಗೆ ನೀನು ಗಿಡ್ಡನೇ.

ನೀನು ಫೋನು ಮಾಡಿ ಮಾಡಿ ಬೇಸತ್ತಿರಬೇಕು. ಅದನ್ನು ಆರಿಸಿ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಹೂತಿಟ್ಟಿದ್ದೇನೆ. ದಿನಕ್ಕೆ ಹದಿನೇಳು ಕರೆ ಕಣೋ. ಒಂದರಲ್ಲಿ ಮೊದಲೇ ಮುದ್ರಿಸಿಟ್ಟ ಹುಡುಗಿಯ ದನಿ, ಇನ್ನೊಂದರಲ್ಲಿ ಕಾನೂನು ವಿಭಾಗದಿಂದ ಎನ್ನುವ ಗಂಡಸು, ಮತ್ತೊಂದರಲ್ಲಿ ಯಾರೂ ಮಾತಾಡುವುದಿಲ್ಲ, ಉಸಿರಾಡುತ್ತಾರೆ ಅಷ್ಟೇ. ಸಾಲ ಸಲಹಾ ಕಚೇರಿಯ ಮೇಡಂ ಕೂಡ "ಬಾಯಿಮಾತು ಬೇಡ, ಎಲ್ಲಾ ಬರವಣಿಗೇಲೇ ಇರಲಿ" ಅಂದಿದ್ದಾರೆ. ಅವರು ಹೇಳಿದ್ದು ಸಾಲದವರ ಜೊತೆಗಿನ ವ್ಯವಹಾರಕ್ಕೆ. ನಾನು ತಮ್ಮನಿಗೂ ಅನ್ವಯಿಸಿಬಿಟ್ಟೆ.

ಯೋಜನೆಯ ವಿಷಯ ನಿನಗೆ ಅರ್ಧಂಬರ್ಧ ಗೊತ್ತು. ಪೂರ್ತಿ ಕೇಳು. ನಿನ್ನ ಭಾವನ ಕೊನೆಯ ದಿನಗಳ ಆಸ್ಪತ್ರೆಯ ಸಾಲ, ಎರಡು ಕಾರ್ಡುಗಳ ಸಾಲ, ಪಿಂಗಾಣಿ ಹಲ್ಲು ಸುಡುವ ಒಲೆಯ ಸಾಲ, ಈ ನಾಲ್ಕನ್ನೂ ಸಲಹಾ ಕಚೇರಿಯವರು ಒಂದು ಪಟ್ಟಿಗೆ ಸೇರಿಸಿದ್ದಾರೆ. ಪ್ರತಿ ತಿಂಗಳು ಐದನೇ ತಾರೀಕಿನೊಳಗೆ ನಾನು ಒಂದೇ ಮೊತ್ತ ಕಟ್ಟಿದರೆ ಅವರೇ ನಾಲ್ವರಿಗೂ ಹಂಚುತ್ತಾರೆ. ಪಟ್ಟಿಯಲ್ಲಿರುವವರು ಬಡ್ಡಿ ಹಾಕುವ ಹಾಗಿಲ್ಲ, ಬಾಗಿಲು ತಟ್ಟುವ ಹಾಗಿಲ್ಲ. ಒಟ್ಟು ಐದು ವರ್ಷ. ಈ ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ತಪ್ಪಿಲ್ಲ, ಬೇಕಾದರೆ ಮೇಡಂ ಅವರನ್ನೇ ಕೇಳು. ಎರಡು ಕಂತು ತಪ್ಪಿದರೆ ಯೋಜನೆ ಮುರಿದುಬೀಳುತ್ತದೆ, ಬಡ್ಡಿ ಹಿಂದಿನಿಂದ ಓಡಿಬರುತ್ತದೆ, ಒಲೆಯನ್ನು ಎತ್ತಿಕೊಂಡು ಹೋಗುತ್ತಾರೆ. ಒಲೆ ಹೋದರೆ ದಂತವೈದ್ಯರು ಕಳಿಸುವ ಅಚ್ಚುಗಳಿಗೆ ನಾನು ಏನು ಕೂರಿಸಿಕೊಡಲಿ, ಸುಣ್ಣದ ಕಡ್ಡಿಯೇ?

ಹೀಗಿರುವಾಗ ಮೊನ್ನೆ ಮಂಗಳವಾರ ಒಬ್ಬ ಬಂದ. ನಾನು ಮೇಣದಲ್ಲಿ ಕೆಳಸಾಲಿನ ಹಲ್ಲು ಕೂರಿಸುತ್ತಿದ್ದೆ. ಸೈಕಲ್ ಅಂಗಡಿಯ ಪಕ್ಕದ ಹದಿನೆಂಟು ಮೆಟ್ಟಿಲು ಹತ್ತಿ ಬಂದರೂ ಅವನ ಅಂಗಿಯ ಇಸ್ತ್ರಿ ಗೆರೆ ಕದಲಿರಲಿಲ್ಲ. ಅವನಿಗೆ ಇಸ್ತ್ರಿ ಎಂದೇ ಹೆಸರಿಟ್ಟಿದ್ದೇನೆ. ಸಾಲ ವಸೂಲಿಯವನು. ಒಂದು ಕಾಗದ ಚಾಚಿದ. ಮೂರು ಹೆಸರು ಅಂಟಿಸಿ ಮಾಡಿದಂಥ ಒಂದು ಕಂಪನಿ, ಕಡತದ ಸಂಖ್ಯೆ ಕೊನೆಗೆ 4417, ಕೆಳಗೆ ಒಂದು ಮೊತ್ತ. ಅದು ನನ್ನ ನಾಲ್ಕು ಸಾಲಗಳಲ್ಲಿ ಯಾವುದಕ್ಕೂ ತಾಳೆಯಾಗುವುದಿಲ್ಲ.

"ಯಾರ ಸಾಲಪ್ಪ ಇದು?" ಎಂದೆ.

"ನಿಮ್ಮದೇ ಅಮ್ಮ."

"ಯಾವುದು?"

"ಅದು ಮೊದಲು ಕೊಟ್ಟೋರಿಗೆ ಗೊತ್ತು. ನಮ್ಮ ಕಂಪನಿ ಅವರಿಂದ ಕೊಂಡ್ಕೊಂಡಿದೆ."

"ಸಾಲಾನೂ ಕೊಂಡ್ಕೋತಾರಾ?"

"ತರಕಾರಿ ಥರಾನೇ ಅಮ್ಮ. ಬಾಡಿದ್ದು ಅಗ್ಗಕ್ಕೆ ಸಿಗತ್ತೆ."

ಮೇಡಂ ಹತ್ತಿರ ಓಡಿದೆ. ಅವರು ಕನ್ನಡಕ ಏರಿಸಿ ನೋಡಿ, "ಇದು ನಮ್ಮ ಪಟ್ಟಿಯಲ್ಲಿ ಇಲ್ಲ. ಇಲ್ಲದ್ದನ್ನ ನಾವು ತಡೆಯೋಕಾಗಲ್ಲ. ಯಾವ ಸಾಲ ಅಂತ ತಿಳ್ಕೊಂಡು ಬನ್ನಿ" ಅಂದರು. ಯಾರನ್ನು ಕೇಳಿ ತಿಳಿದುಕೊಳ್ಳಲಿ? ನನಗೇ ಗೊತ್ತಿಲ್ಲದ ನನ್ನ ಸಾಲ. ತಲೆ ಗಿರ್ರೆನ್ನುತ್ತಿದೆ. ನೋಟೀಸಿನ ನಕಲು ಇದರ ಜೊತೆಗಿದೆ. ನಾಲ್ಕು ಊರು ನೋಡಿದವನು ನೀನು, ಏನಾದರೂ ಅರ್ಥವಾದರೆ ಬರಿ.

ನಿನ್ನ ಅಕ್ಕ


ಫೆಬ್ರುವರಿ 2, ಬಂದರಿನಿಂದ

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ನಿನ್ನೆ ಹಡಗಿನ ಏಜೆಂಟರ ಕಚೇರಿಯಲ್ಲಿ ಸಿಕ್ಕಿತು. ಓದಿ ನಗು ಬಂತು. ಇಷ್ಟಕ್ಕೆಲ್ಲ ಹೆದರುತ್ತಾರೆಯೇ? ಈ ಕಂಪನಿಗಳ ಕೆಲಸವೇ ಅದು, ದೂರವಾಣಿ ಪುಸ್ತಕ ತೆಗೆದು ಕಂಡಕಂಡವರಿಗೆ ನೋಟೀಸು ಹಾಕುವುದು. ಹತ್ತರಲ್ಲಿ ಒಬ್ಬರು ಹೆದರಿ ಕಟ್ಟುತ್ತಾರೆ. ಅಷ್ಟರಲ್ಲೇ ಅವರ ಹೊಟ್ಟೆ ತುಂಬುತ್ತದೆ. ಆ ನಕಲನ್ನು ನಾನು ಹರಿದು ಸಮುದ್ರಕ್ಕೆ ಎಸೆದೆ.

ಇಸ್ತ್ರಿ ಮತ್ತೆ ಬಂದರೆ ಬಾಗಿಲು ತೆಗೆಯಬೇಡ. ಒಂದು ಪೈಸೆ ಕೊಡಬೇಡ. ಮುಖ್ಯವಾಗಿ, ಯಾವ ಸಾಲ, ಯಾವ ಕಾಲದ್ದು, ಯಾರು ತೆಗೆದದ್ದು ಎಂದು ಕೆದಕಲು ಹೋಗಬೇಡ. ಮೇಡಂ ಕೇಳಿದರೆ ತಪ್ಪು ವಿಳಾಸಕ್ಕೆ ಬಂದದ್ದು ಎಂದು ಹೇಳಿಬಿಡು. ಎರಡು ಮೂರು ತಿಂಗಳಲ್ಲಿ ತಾನಾಗಿ ತಣ್ಣಗಾಗುತ್ತದೆ, ನನ್ನ ಮಾತು ನಂಬು.

ಇಲ್ಲಿ ಎಲ್ಲ ಮಾಮೂಲು. ಇಪ್ಪತ್ತೆರಡು ಜನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವುದು, ಎಂಜಿನ್ ಕೋಣೆಯವರು ಖಾರ ಸಾಲದು ಎನ್ನುವುದು, ಕ್ಯಾಪ್ಟನ್ ಖಾರ ಜಾಸ್ತಿ ಎನ್ನುವುದು, ನಾನು ಇಬ್ಬರಿಗೂ ತಲೆಯಾಡಿಸಿ ಅದೇ ಪಾತ್ರೆಯಿಂದ ಬಡಿಸುವುದು. ಈ ಸಲದ ರಜೆಗೆ ಬರುವ ಆಲೋಚನೆ ಇತ್ತು. ಹೆಚ್ಚುವರಿ ಪಾಳಿ ಸಿಕ್ಕಿತು, ಒಪ್ಪಿಕೊಂಡೆ. ದುಡ್ಡಿಗಾಗಿ ಅಲ್ಲ, ಸುಮ್ಮನೆ ಕೂತರೆ ಬೇಜಾರು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಸಿಟ್ಟು ಬರುವುದು ಹಸಿದಾಗ ಮಾತ್ರ.

ನಿನ್ನ ತಮ್ಮ


ಫೆಬ್ರುವರಿ 27

ಗಿಡ್ಡನಿಗೆ,

ನಿನ್ನ ಪತ್ರ ಬಂತು. ನನಗೆ ಸಿಟ್ಟು ಬರುವುದು ಹಸಿದಾಗ ಅಲ್ಲ, ಕೇಳಿದ್ದಕ್ಕೆ ಉತ್ತರ ಸಿಗದೆ ಉಪದೇಶ ಸಿಕ್ಕಾಗ.

ಬಾಗಿಲು ತೆಗೆಯಬೇಡ ಎಂದಿದ್ದೀಯ. ಇದು ಮನೆಯಷ್ಟೇ ಅಲ್ಲ ಕಣೋ, ನನ್ನ ಕೆಲಸದ ಜಾಗವೂ ಹೌದು. ದಂತವೈದ್ಯರ ಆಳು ಅಚ್ಚು ಹಿಡಿದು ಬಂದನೆಂದು ಬಾಗಿಲು ತೆಗೆದರೆ ಎದುರಿಗೆ ಇಸ್ತ್ರಿ. ಮೊದಲ ದಿನ ಬೈದು ಕಳಿಸಿದೆ. ಎರಡನೇ ದಿನ ಅವನು ಮಾತಾಡುವಾಗ ಕೈ ಬಾಯಿಗೆ ಅಡ್ಡ ಹಿಡಿಯುವುದು ಕಂಡಿತು. ನನ್ನ ಕಣ್ಣು ಎಲ್ಲಿಗೆ ಹೋಗುತ್ತದೆಂದು ನಿನಗೆ ಗೊತ್ತಲ್ಲ. ಮೇಲ್ಸಾಲಿನ ಮುಂದಿನ ಹಲ್ಲೊಂದು ಇಲ್ಲ. ಕಂಪನಿಯವರು ಅಂಗಿಗೆ ದುಡ್ಡು ಕೊಡುತ್ತಾರೆ, ಹಲ್ಲಿಗೆ ಕೊಡುವುದಿಲ್ಲವಂತೆ. "ಒಂದು ಹಲ್ಲು ಕಟ್ಟಿಕೊಡ್ತೀನಿ, ಸಾಲದಲ್ಲಿ ಮುರ್ಕೊಳ್ಳಿ" ಎಂದೆ. "ನಮ್ಮಲ್ಲಿ ಹಲ್ಲು ಜಮಾ ತಗೊಳ್ಳಲ್ಲ ಅಮ್ಮ" ಎಂದ. ಇಬ್ಬರಿಗೂ ನಗು ಬಂತು. ಇನ್ನು ನಕ್ಕ ಮೇಲೆ ಬೈಯುವುದು ಹೇಗೆ? ಕುರ್ಚಿ ಕೊಟ್ಟೆ, ನೀರು ಕೊಟ್ಟೆ.

ಮೂರನೇ ಸಲ ಬಂದಾಗ ಅವನು ಹಳೆಯ ಕಾಗದಗಳನ್ನೂ ತರಿಸಿಕೊಂಡು ಬಂದಿದ್ದ. ಓದಿ ಹೇಳಿದ. ಅದು ಯಾವ ಸಾಲವೆಂದು ನನಗೆ ಗೊತ್ತಾಯಿತು. ಹಳೆಯದು, ನನ್ನದೇ, ನಾನೇ ಮರೆತದ್ದು. ಕೈ ತಪ್ಪಿ ಪಟ್ಟಿಯಿಂದ ಹೊರಗೆ ಉಳಿದುಬಿಟ್ಟಿದೆ. ನೀನು ಆ ವಿಷಯ ತಲೆಗೆ ಹಚ್ಚಿಕೊಳ್ಳಬೇಡ, ಇಲ್ಲಿಗೆ ಮುಗಿಯಿತು.

ಒಂದು ಮಾತು. ನಿನಗೇನೂ ಕಾಗದ ಬಂದಿಲ್ಲ ತಾನೆ? ಈ ಕಂಪನಿಯಿಂದ, ಅಥವಾ ಯಾವುದಾದರೂ ಬ್ಯಾಂಕಿನಿಂದ? ಬಂದರೆ ಓದದೆ ನನಗೆ ಕಳಿಸು. ಓದದೆ ಎಂದರೆ ಓದದೆ.

ನೀನು ಕೆದಕಬೇಡ ಎಂದು ಅಷ್ಟು ಒತ್ತಿ ಬರೆದದ್ದು ನೋಡಿ ಆ ಪತ್ರವನ್ನು ಮೂರು ಸಲ ತಿರುಗಿ ಓದಿದೆ. ಯಾಕೋ ಗೊತ್ತಿಲ್ಲ. ವಯಸ್ಸಾಯಿತು ನನಗೆ. ಹೆಚ್ಚುವರಿ ಪಾಳಿಯಲ್ಲಿ ಸೊಂಟ ಮುರಿದುಕೊಳ್ಳಬೇಡ. ದುಡ್ಡು ಬೇಕಾದರೆ ಕೇಳು ಎನ್ನುವ ಸ್ಥಿತಿಯಲ್ಲಿ ನಾನಿಲ್ಲ, ಆದರೂ ಕೇಳು.

ಅಕ್ಕ


ಮಾರ್ಚ್ 25, ಇನ್ನೊಂದು ಬಂದರಿನಿಂದ

ಅಕ್ಕನಿಗೆ ನಮಸ್ಕಾರ.

ನನಗೆ ಯಾವ ಕಾಗದವೂ ಬಂದಿಲ್ಲ. ಕಾಗದವೆಂದು ಬರುವುದು ನಿನ್ನದೊಂದೇ. ಅದರಲ್ಲೂ ಅರ್ಧ ಬೈಗುಳ.

ಹಳೆಯದು, ನನ್ನದೇ ಎಂದು ಬರೆದಿದ್ದೀಯ. ಇಸ್ತ್ರಿ ನಿನಗೆ ಎಷ್ಟು ಓದಿ ಹೇಳಿದ? ಎಲ್ಲಾ ಹೇಳಿದನೇ, ಇಲ್ಲಾ ಮೇಲೆ ಮೇಲೆ ಹೇಳಿದನೇ? ನಿನ್ನ ಅಕ್ಷರ ಈ ಸಲ ಸ್ವಲ್ಪ ಓರೆಯಾಗಿದೆ. ಅತ್ತುಕೊಂಡು ಬರೆದೆಯೋ ಏನೋ ಎಂದು ಎರಡು ಸಲ ಬೆಳಕಿಗೆ ಹಿಡಿದು ನೋಡಿದೆ. ನೀನು ಯಾರ ಮೇಲಾದರೂ ಮನಸ್ಸು ಕಹಿ ಮಾಡಿಕೊಂಡಿದ್ದರೆ ಬಿಟ್ಟುಬಿಡು. ಮನುಷ್ಯರು ಒಳ್ಳೆಯವರೇ ಆಗಿದ್ದರೂ ಕಷ್ಟಕಾಲದಲ್ಲಿ ಕೈ ಜಾರುತ್ತದೆ.

ಇನ್ನೊಂದು ಮಾತು. ಭಾವನ ಬಣ್ಣದ ಡಬ್ಬಗಳ ಜೊತೆ ಇರುವ ಹಳೆಯ ಪೆಟ್ಟಿಗೆ ತೆಗೆದು ಕಾಗದಪತ್ರ ಹುಡುಕುತ್ತಾ ಕೂರಬೇಡ. ಧೂಳಿಗೆ ನಿನಗೆ ಸೀನು ಬರುತ್ತದೆ.

ಹೊಸ ಬೂಟು ತೆಗೆದುಕೊಳ್ಳಬೇಕೆಂದಿದ್ದೆ, ಈ ತಿಂಗಳೂ ಆಗಲಿಲ್ಲ. ಹಳೆಯದನ್ನೇ ಅಂಟಿಸಿಕೊಂಡಿದ್ದೇನೆ. ಕೈ ಸ್ವಲ್ಪ ಬಿಗಿ, ಬೇರೇನಿಲ್ಲ.

ನಿನ್ನ ತಮ್ಮ


ಏಪ್ರಿಲ್ 18

ಗಿಡ್ಡನಿಗೆ,

ನಾನು ಅತ್ತುಕೊಂಡು ಬರೆಯಲಿಲ್ಲ, ಮೇಜಿನ ಒಂದು ಕಾಲಿನ ಕೆಳಗೆ ಇಟ್ಟಿದ್ದ ರಟ್ಟು ಜಾರಿತ್ತು. ಯಾರ ಮೇಲೂ ಕಹಿ ಇಲ್ಲ. ನೀನು ಯಾರ ವಿಷಯ ಹೇಳುತ್ತಿದ್ದೀಯ ಎಂದೇ ತಿಳಿಯಲಿಲ್ಲ. ಕೈ ಬಿಗಿ ಎಂದು ಬೇರೆ ಬರೆದಿದ್ದೀಯ. ಹೆಚ್ಚುವರಿ ಪಾಳಿ ಮಾಡುವವನಿಗೆ ಬೂಟಿಗೆ ದುಡ್ಡಿಲ್ಲವೆಂದರೆ ಏನರ್ಥ? ಜೂಜಿಗೀಜು ಹಚ್ಚಿಕೊಂಡಿದ್ದರೆ ನೇರವಾಗಿ ಹೇಳು.

ನನ್ನ ತಪ್ಪನ್ನು ನಾನೇ ಹೇಳಿಬಿಡುತ್ತೇನೆ. ಆ 4417ಕ್ಕೆ ನಾನು ದುಡ್ಡು ಕಟ್ಟುತ್ತಿದ್ದೇನೆ. ಫೆಬ್ರುವರಿ ಕೊನೆಯಿಂದ ತಿಂಗಳಿಗೊಂದು ಸಲ. ನೀನು ಬೇಡ ಎಂದಿದ್ದೆ, ಮೇಡಂ ಕೂಡ "ಪಟ್ಟಿಗೆ ಸೇರಿಸದೆ ಹೊರಗಡೆ ಯಾರಿಗೂ ಕಟ್ಟಬೇಡಿ" ಎಂದಿದ್ದರು. ಕಟ್ಟಿದರೆ ಸದ್ದಿಲ್ಲದೆ ಮುಗಿಯುತ್ತದೆಂದು ನಾನು ಅಂದುಕೊಂಡೆ. ಅದರಿಂದಾಗಿ ಏಪ್ರಿಲ್ ಐದರ ಯೋಜನೆಯ ಕಂತು ತಪ್ಪಿತು. ಹದಿನೇಳು ತಿಂಗಳಲ್ಲಿ ಮೊದಲ ಸಲ. ಕಚೇರಿಯಿಂದ ಹಳದಿ ಕಾಗದ ಬಂದಿದೆ. ಇನ್ನೊಂದು ತಪ್ಪಿದರೆ ಕೆಂಪು ಕಾಗದವಂತೆ, ಅದು ಬಂದ ಮೇಲೆ ಒಲೆಯ ಬ್ಯಾಂಕಿನವರಿಗೆ ಯಾರ ಅಡ್ಡಿಯೂ ಇಲ್ಲ. ಎಂಟುನೂರು ಡಿಗ್ರಿಯಲ್ಲಿ ಹಲ್ಲು ಬೇಯುತ್ತಿರುವಾಗಲೇ ಬಂದು ತಂತಿ ಕೀಳುತ್ತಾರೇನೋ ಎಂದು ಪ್ರತಿ ಸಲ ಮೆಟ್ಟಿಲ ಸದ್ದಾದಾಗಲೂ ಎದ್ದು ನೋಡುತ್ತೇನೆ. ಭಯವಾಗುತ್ತದೆ ಕಣೋ.

ಈಗ ನನ್ನ ತಲೆ ತಿನ್ನುತ್ತಿರುವ ಸಂಗತಿ ಕೇಳು. ಇಸ್ತ್ರಿ ಕೊಟ್ಟ ಮೂರು ರಸೀದಿ ನನ್ನ ಹತ್ತಿರ ಇವೆ. ಪ್ರತಿಯೊಂದರ ಮೂಲೆಯಲ್ಲಿ ಎಷ್ಟನೇ ಪಾವತಿ ಎಂದು ಅಚ್ಚಾಗಿರುತ್ತದೆ. ನನ್ನ ಮೊದಲನೆಯದರ ಮೇಲೆ ಎರಡು ಎಂದಿದೆ. ಆಮೇಲಿನದು ನಾಲ್ಕು. ಮೊನ್ನೆಯದು ಆರು. ನಾನು ಕಟ್ಟಿದ್ದೇ ಮೂರು ಸಲ. ಒಂದು, ಮೂರು, ಐದು ಎಲ್ಲಿ ಹೋದವು? ಇಸ್ತ್ರಿಯನ್ನು ಕೇಳಿದೆ. "ನಾನು ಬರೀ ಕೇಳೋನು ಅಮ್ಮ, ಲೆಕ್ಕ ಮೇಲಿನೋರದ್ದು" ಎಂದ. ಬಾಕಿಯಂತೂ ಇಳಿದಿಲ್ಲ, ಮುನ್ನೂರು ಏರಿದೆ. ಶುಲ್ಕ, ಶುಲ್ಕದ ಮೇಲೆ ಶುಲ್ಕ. ನಾನು ಕಟ್ಟದೆ ಇರುವುದನ್ನೂ ಕಟ್ಟಿದ್ದೇನೆ ಎನ್ನುತ್ತಾರೆ, ಕಟ್ಟಿದ್ದನ್ನು ಕಳೆಯುವುದಿಲ್ಲ. ಎರಡು ಹೊತ್ತು ಕೂತು ಕೂಡಿ ಕಳೆದು ನೋಡಿದೆ, ಕೊನೆಗೆ ನನಗೆ ಒಂದು, ಎರಡು ಎಣಿಸಲು ಬರುತ್ತದೆಯೇ ಎಂಬುದೇ ಅನುಮಾನವಾಯಿತು. ನಿನಗೆ ಏನಾದರೂ ಹೊಳೆಯುತ್ತದೆಯೇ?

ಅಕ್ಕ


ಮೇ 10, ಬಂದರಿನಿಂದ

ಅಕ್ಕ,

ಒಂದು, ಮೂರು, ಐದು ನನ್ನ ಹತ್ತಿರ ಇವೆ. ಮೊನ್ನೆ ಏಳೂ ಬಂತು.

ಫೆಬ್ರುವರಿಯಿಂದ ಏಜೆಂಟರ ಮೂಲಕ ಕಟ್ಟುತ್ತಿರುವವನು ನಾನು. ನೀನು ಮೊದಲ ಪತ್ರದ ಜೊತೆ ಕಳಿಸಿದ ನಕಲಿನಲ್ಲಿ ಆ ಸಂಖ್ಯೆ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅದು ನನ್ನ ಹಡಗಿನ ತರಬೇತಿಗೆಂದು ನಾವಿಬ್ಬರೂ ಸಹಿ ಹಾಕಿ ತೆಗೆದ ಸಾಲ. ನಾನು ಕೆಲಸ ಸಿಕ್ಕ ಮೇಲೆ ತಿಂಗಳು ತಿಂಗಳು ಭಾವನ ಖಾತೆಗೆ ಕಳಿಸಿದ್ದೆ. ಅದು ಬ್ಯಾಂಕಿಗೆ ಹೋಗಲಿಲ್ಲ. ಯಾಕೆ ಎಂದು ಕೇಳಬೇಡ. ಸತ್ತವರ ವಿಷಯ ಬಿಟ್ಟುಬಿಡೋಣ. ನಿನಗೆ ತಿಳಿಯುವುದು ಬೇಡವೆಂದೇ ನಾನು ಬಾಯಿ ಮುಚ್ಚಿಕೊಂಡು ಕಟ್ಟಿದೆ. ಈಗ ನೀನು ಇಸ್ತ್ರಿಗೆ ಕೊಡುವುದನ್ನು ನಿಲ್ಲಿಸಿ ಯೋಜನೆಯ ಕಂತು ಕಟ್ಟು. ಇದು ನನಗಿರಲಿ.

ಜೂಜು ಆಡುವುದಿಲ್ಲ.

ನಿನ್ನ ತಮ್ಮ


ಜೂನ್ 2

ತಮ್ಮನಿಗೆ,

ಸತ್ತವರ ವಿಷಯ ಬಿಟ್ಟುಬಿಡೋಣ ಎಂದು ಬರೆದಿದ್ದೀಯ. ಮೂರು ದಿನ ಅದೊಂದು ಸಾಲನ್ನೇ ನೋಡುತ್ತಾ ಕೂತೆ. ಒಂದು ಬಾಯಿಯ ಪೂರ್ತಿ ಸೆಟ್ಟು ಸುಟ್ಟು ಕರಕಲಾಯಿತು. ನಿನ್ನ ಭಾವ ಆ ದುಡ್ಡು ತಿಂದರೆಂದು ನೀನು ತಿಳಿದಿದ್ದೀಯ. ಎಷ್ಟು ದಿನದಿಂದ ಹಾಗೆ ತಿಳಿದಿದ್ದೀಯೋ ನನಗೆ ಗೊತ್ತಿಲ್ಲ.

ಅವರಲ್ಲ ಕಣೋ. ನಾನು.

ನೀನು ಅವರ ಖಾತೆಗೆ ಕಳಿಸಿದ್ದನ್ನು ಅವರು ಅದೇ ದಿನ ತೆಗೆದು, ಲಕೋಟೆಯಲ್ಲಿಟ್ಟು ನನ್ನ ಕೈಗೆ ಕೊಡುತ್ತಿದ್ದರು. ನಿನ್ನ ಸಾಲದ ಬ್ಯಾಂಕು ನಾನು ಹಲ್ಲು ತಲುಪಿಸುವ ದಂತವೈದ್ಯರ ಪಕ್ಕದಲ್ಲೇ ಇತ್ತಲ್ಲ, ಕಟ್ಟುವ ಕೆಲಸ ನನ್ನದು. ಒಂದು ತಿಂಗಳು ಹಳೆಯ ಒಲೆಯ ಸುರುಳಿ ಸುಟ್ಟುಹೋಯಿತು. ಹನ್ನೊಂದು ಹಲ್ಲು ಅರ್ಧ ಬೆಂದು ನಿಂತಿದ್ದವು. ಆ ಲಕೋಟೆ ಒಡೆದೆ. ಮುಂದಿನ ತಿಂಗಳು ಎರಡೂ ಸೇರಿಸಿ ಕಟ್ಟಿದರಾಯಿತು ಎಂದುಕೊಂಡೆ. ಮುಂದಿನ ತಿಂಗಳು ಬಾಡಿಗೆ. ಅದರ ಮುಂದಿನದು ಹೊಸ ಒಲೆಯ ಮುಂಗಡ. ಇಪ್ಪತ್ತೆರಡು ತಿಂಗಳು ನಿನ್ನ ದುಡ್ಡು ಈ ಕೋಣೆಗೆ ಸುರಿದಿದ್ದೇನೆ. ನಿನ್ನ ಭಾವ "ಕಟ್ಟಿದ್ಯಾ?" ಎಂದು ಕೇಳುತ್ತಿದ್ದರು, "ಹ್ಞೂಂ" ಎನ್ನುತ್ತಿದ್ದೆ. ಅವರಿಗೂ ಹೇಳಲಿಲ್ಲ. ಗೊತ್ತಿಲ್ಲದೇ ಹೋದರಲ್ಲ, ಅದೊಂದು ಸಮಾಧಾನ ಎಂದುಕೊಂಡಿದ್ದೆ. ನೀನು ಅವರ ಅಂತ್ಯಕ್ರಿಯೆಗೆ ಬರಲಾಗದಿದ್ದಾಗ ಎಲ್ಲರೂ ಅಯ್ಯೋ ಎಂದರು. ನನಗೆ ಒಳಗೊಳಗೇ ಹಗುರವಾಗಿತ್ತು. ನಿನ್ನ ಮುಖ ನೋಡುವುದು ತಪ್ಪಿತಲ್ಲ ಎಂದು. ಇಂಥವಳು ನಿನ್ನ ಅಕ್ಕ.

ಜನವರಿಯಲ್ಲಿ ನಿನಗೆ ಬರೆದಾಗ ಆ ಸಂಖ್ಯೆ ಯಾವುದೆಂದು ನನಗೆ ನಿಜವಾಗಿಯೂ ತಿಳಿದಿರಲಿಲ್ಲ, ಕಂಪನಿಯ ಹೆಸರೂ ಬೇರೆ, ಮೊತ್ತವೂ ಬೇರೆ. ಮೂರು ವರ್ಷ ಬ್ಯಾಂಕಿನವರ ಸದ್ದಿರಲಿಲ್ಲ, ಕೈಬಿಟ್ಟರು ಎಂದುಕೊಂಡಿದ್ದೆ. ಇಸ್ತ್ರಿ ಹಳೆಯ ಕಾಗದದಲ್ಲಿ ಜೊತೆಗಾರ ಸಾಲಗಾರನೆಂದು ನಿನ್ನ ಹೆಸರು ಓದಿದಾಗ ಕೈಯಲ್ಲಿದ್ದ ಮೇಣ ಕೆಳಗೆ ಬಿತ್ತು. ಯೋಜನೆ ಶುರುವಾದಾಗ ಇದನ್ನು ಪಟ್ಟಿಗೆ ಸೇರಿಸಬಹುದಿತ್ತು. ಸೇರಿಸಿದರೆ ಕಚೇರಿಯವರು ಜೊತೆಗಾರನಿಗೆ ಕಾಗದ ಹಾಕುತ್ತಾರೆ, ನಿನಗೆ ಗೊತ್ತಾಗುತ್ತದೆ. ಅದಕ್ಕೇ ಮುಚ್ಚಿಟ್ಟೆ. ಕೈ ತಪ್ಪಿತು ಎಂದು ನಿನಗೆ ಬರೆದದ್ದು ಸುಳ್ಳು.

ನಿನ್ನ ಪತ್ರ ಹಿಡಿದುಕೊಂಡು ಮೇಡಂ ಹತ್ತಿರ ಹೋದೆ, ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಒಂದು ಅರ್ಜಿ ತೆಗೆದು ಮುಂದಿಟ್ಟರು. "ಈಗಲೂ ಸೇರಿಸಬಹುದು. ಸೇರಿಸಿದರೆ ಬಡ್ಡಿ ನಿಲ್ಲತ್ತೆ, ಇಬ್ಬರೂ ಕಟ್ಟಿರೋದಕ್ಕೆ ಲೆಕ್ಕ ಕೇಳಿ ನಾವೇ ಕಂಪನಿಗೆ ಬರೀತೀವಿ, ತಪ್ಪಿದ ಕಂತನ್ನೂ ಮುಂದಕ್ಕೆ ಹಾಕ್ತೀವಿ. ಆದ್ರೆ ಜೊತೆಗಾರರ ಸಹಿ ಬೇಕು. ಜುಲೈ ಹದಿನೈದರೊಳಗೆ" ಎಂದರು. ಸಹಿ ಬಾರದಿದ್ದರೆ ಕೆಂಪು ಕಾಗದ. ಅರ್ಜಿ ಇದರ ಜೊತೆಗಿದೆ. ಎರಡು ಕಡೆ ಗುರುತು ಹಾಕಿದ್ದೇನೆ.

ಮೂರನೇ ಪ್ರಶ್ನೆ ನೋಡು. ಅರ್ಜಿದಾರರಿಂದ ನಿಮಗೆ ಬರಬೇಕಾದ ಹಣ ಏನಾದರೂ ಇದೆಯೇ ಎಂದಿದೆ. ನಿಜ ಬರಿ. ಇಪ್ಪತ್ತೆರಡು ತಿಂಗಳ ಮೊತ್ತ ಈ ಹಾಳೆಯ ಹಿಂದೆ ಬರೆದಿದ್ದೇನೆ, ಒಂದು ಪೈಸೆ ಹೆಚ್ಚು ಕಡಿಮೆ ಇಲ್ಲ. ಇದೆ ಎಂದು ಬರೆದರೆ ನೀನೂ ನನ್ನ ಪಟ್ಟಿಗೆ ಸೇರುತ್ತೀಯ, ತಿಂಗಳು ತಿಂಗಳು ನಿನಗೂ ಸ್ವಲ್ಪ ಬರುತ್ತದೆ. ಸಹಿ ಹಾಕುವುದೇ ಬೇಡ ಎನಿಸಿದರೆ ಹಾಕಬೇಡ. ಒಲೆ ಹೋದರೆ ಹೋಗಲಿ. ಅದು ನಿನ್ನ ದುಡ್ಡಿನಲ್ಲಿ ಬಂದದ್ದು.

ಅಕ್ಕ


ಜೂನ್ 19, ಬಂದರಿನಿಂದ

ಅಕ್ಕ,

ನಿನ್ನ ಪತ್ರ ಓದಿದ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮರುದಿನ ಹಾಕಲೇ ಇಲ್ಲ. ಮೂರನೇ ದಿನ ಕ್ಯಾಪ್ಟನ್ ಅಡುಗೆಮನೆಗೆ ಬಂದು "ಯಾರಾದ್ರೂ ಹೋದ್ರಾ?" ಎಂದು ಕೇಳಿದರು. ಹೌದು ಎಂದೆ.

ನಿನ್ನ ಮೇಲೆ ಸಿಟ್ಟಿದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ದುಡ್ಡಿಗೆ ಅಲ್ಲ. ನೀನು ಆ ಮೊದಲ ತಿಂಗಳೇ ಒಲೆ ಕೆಟ್ಟಿದೆ ಎಂದು ಎರಡು ಸಾಲು ಬರೆದಿದ್ದರೆ ನಾನೇ ಇಟ್ಟುಕೋ ಎನ್ನುತ್ತಿದ್ದೆ. ಅದು ನಿನಗೆ ಗೊತ್ತಿತ್ತು, ಆದರೂ ಬರೆಯಲಿಲ್ಲ.

ಈಗ ನನ್ನದು ಕೇಳು. ನಾಲ್ಕು ವರ್ಷದ ಹಿಂದೆಯೇ ಬ್ಯಾಂಕಿನ ನೋಟೀಸು ನನಗೂ ಬಂದಿತ್ತು, ಅದರ ಮೇಲೂ ಇದೇ 4417 ಇತ್ತು. ನಿನಗೆ ನೋವಾಗದಿರಲಿ ಎಂದು ಭಾವನಿಗೆ ಮಾತ್ರ ಬರೆದೆ. ಬಾಯಿಗೆ ಬಂದಂತೆ ಬೈದು ಬರೆದೆ. ಅವರು ಕೊಟ್ಟ ಉತ್ತರ ಇದರ ಜೊತೆಗಿದೆ. ಬಣ್ಣ ಹಚ್ಚುವ ಮೊದಲು ಗೋಡೆಗೆ ಗುರುತು ಹಾಕುವ ಆ ದಪ್ಪ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ, ಕೆಲಸದ ಜಾಗದಲ್ಲೇ ಕೂತು ಬರೆದಿರಬೇಕು. ನೀನು ಕನ್ನಡಕ ಹುಡುಕುವಷ್ಟರಲ್ಲಿ ನಾನೇ ಓದಿ ಹೇಳುತ್ತೇನೆ.

"ದುಡ್ಡು ನಾನೇ ಖರ್ಚು ಮಾಡಿಕೊಂಡೆ. ಯಾವುದಕ್ಕೆ ಅಂತ ಕೇಳಬೇಡ. ನಿಮ್ಮಕ್ಕ ದಿನಾ ಹನ್ನೆರಡು ಗಂಟೆ ಒಲೆ ಮುಂದೆ ಕೂರುತ್ತಾಳೆ, ಅವಳಿಗೆ ಇದೇನೂ ಗೊತ್ತಿಲ್ಲ, ನೀನು ಹೇಳಲೂ ಬೇಡ. ನಾನು ನಿಧಾನವಾಗಿ ತೀರಿಸುತ್ತೇನೆ. ಬೈಯುವುದಿದ್ದರೆ ನನ್ನನ್ನೇ ಬೈ."

ಅವರು ಏನೂ ಗೊತ್ತಿಲ್ಲದೇ ಹೋದರು ಎಂದು ಸಮಾಧಾನ ಪಟ್ಟುಕೊಂಡಿದ್ದೀಯ. ಗೊತ್ತಿತ್ತು ಅಕ್ಕ. ನನ್ನ ಪತ್ರ ತಲುಪಿದ ದಿನವೇ ಗೊತ್ತಾಗಿರಬೇಕು. ಲಕೋಟೆ ನಿನ್ನ ಕೈಗೆ ಕೊಟ್ಟವರು ಅವರೇ ಅಲ್ಲವೇ?

ನಾನು ಅವರ ಮಾತನ್ನು ಅಕ್ಷರಶಃ ನಡೆಸಿದೆ. ಅವರನ್ನೇ ಬೈದೆ. ಬದುಕಿರುವವರೆಗೂ ಬೈದೆ. ಆಮೇಲೂ ಬಿಡಲಿಲ್ಲ. ಅವರು ಹೋದ ದಿನ ಹಡಗು ನಡುಸಮುದ್ರದಲ್ಲಿದೆ ಎಂದು ನಿನಗೆ ತಿಳಿಸಿದ್ದೆನಲ್ಲ, ಹಡಗು ದಡದಲ್ಲಿತ್ತು. ಕ್ಯಾಪ್ಟನ್ ಕೇಳದೆಯೇ ಆರು ದಿನದ ರಜೆ ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಇಪ್ಪತ್ತೆರಡು ಜನಕ್ಕೆ ಊಟ ಬಡಿಸಿದೆ. ಅಂಥವರ ಮುಖ ಕೊನೆಯ ಸಲವೂ ನೋಡುವುದು ಬೇಡ ಎನಿಸಿತ್ತು. ಯಾರ ಮುಖವನ್ನು ನಾನು ನೋಡದೆ ಹೋದೆ ಎಂದು ಈಗ ತಿಳಿಯುತ್ತಿದೆ. ಇದನ್ನು ಯಾವ ಕಚೇರಿಗೆ ಹೋಗಿ ಹೇಳಿಕೊಳ್ಳಲಿ?

ನೀನು ಗುರುತು ಹಾಕಿದ ಎರಡೂ ಕಡೆ ಸಹಿ ಹಾಕಿದ್ದೇನೆ. ಏಜೆಂಟರು ಇವತ್ತೇ ಕೊರಿಯರ್‌ನಲ್ಲಿ ಕಳಿಸುತ್ತಾರೆ, ಈ ತಿಂಗಳೊಳಗೆ ಮೇಡಂ ಕೈಗೆ ಕೊಡು. ಒಲೆ ಎಲ್ಲಿಗೂ ಹೋಗುವುದಿಲ್ಲ, ನೀನು ಕೆಲಸ ನಿಲ್ಲಿಸಬೇಡ.

ಮೂರನೇ ಪ್ರಶ್ನೆಗೆ ಎರಡು ದಿನ ಪೆನ್ನು ಹಿಡಿದು ಕೂತಿದ್ದೆ. ಅವರು ಕೇಳಿರುವುದು ಹಣದ ವಿಷಯ ಮಾತ್ರ. ಅದಕ್ಕೆ ಇಲ್ಲ ಎಂದು ಬರೆದಿದ್ದೇನೆ.

ತಮ್ಮ